ಹರ್ಷಿ ಪಟ್ಟಣದ ರಂಗಶಾಲೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ ಪೆನ್ಸಿಲ್ವೇನಿಯ ಎಂಬುದೊಂದು ಸಂಸ್ಥಾನ. ಅದರ ರಾಜಧಾನಿಯಾದ ಹ್ಯಾರಿಸ್‌ಬರ್ಗಿನಿಂದ ಪೂರ್ವಕ್ಕೆ ಸುಮಾರು ಹದಿನಾಲ್ಕು ಮೈಲಿ ಹೋದರೆ ಹುಲ್ಲುಗಾವಲುಗಳ ನಡುವೆ ಹರ್ಷಿ ಎಂಬ ಸಣ್ಣ ಪಟ್ಟಣ ಸಿಕ್ಕುತ್ತದೆ. ಈ ಹೆಸರನ್ನು ನಮ್ಮ ಮಕ್ಕಳು ಭೂಗೋಳದ ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಚಾಕೊಲೇಟಿನ ಹೊದಿಕೆಯ ಮೇಲೆ ಓದಿ ತಿಳಿದವರು. ನಮ್ಮಂತೆ ಸಂಸ್ಕೃತ ಓದಿಕೊಂಡವರ ಕಿವಿಗೆ ಅದು ಹರ್ಷಶಬ್ದದ ಸೋದರನಂತೆ ಕೇಳಿಸಿದರೂ ಅದಕ್ಕೂ ಇದಕ್ಕೂ ನಂಟಿಲ್ಲ. ಊರನ್ನು ಕಟ್ಟಿದ ಮಿಲ್ಟನ್ ಹರ್ಷಿ ಎಂಬ ಮಹಾಶಯನ ಮನೆತನದ ಹೆಸರು ಅದು. ಊರಿನ ಮುಖ್ಯ ಬೀದಿಗೆ ಚಾಕೊಲೇಟ್ ಅವೆನ್ಯೂ ಎಂದು ಹೆಸರು. ಅದನ್ನು ಅಡ್ಡ ಹಾಯುವ ಬೀದಿ ಕೋಕೋ ಅವೆನ್ಯೂ. ಬೀದಿಯ ದೀಪಗಳಾದರೋ, ಬೆಳ್ಳಿಯ ಕಾಗದ ಸುತ್ತಿದ ಮಿಠಾಯಿಯ ಆಕಾರದವು. ಮೊದಲ ದಿನ ನೋಡಿದಾಗ ಇದೇನು ಮಕ್ಕಳಾಟವೆಂದು ನಮಗೆ ತೋರಿತು. ವಾರ ಕಳೆಯುವುದರೊಳಗೆ ಕಣ್ಣಿಗೆ ಅಭ್ಯಾಸವಾಯಿತು.

ಕಿರಿಯ ಮಗಳ ಬಾಣಂತನಕ್ಕೆಂದು ನಮ್ಮ ಮನೆಯವರು ಕಳೆದ ಚಳಿಗಾಲದಲ್ಲಿ ಆ ಊರಿಗೆ ಹೊರಟಾಗ ಜೊತೆಗೆ ನಾವೂ ಹೊರಟೆವು. ಬಾಣಂತಿಯ ಮನೆಯಲ್ಲಿ ನಿವೃತ್ತ ಉಪಾಧ್ಯಾಯನೊಬ್ಬನಿಗೆ ಎಷ್ಟು ಕೆಲಸವಿರುತ್ತದೆಂಬುದನ್ನು ವಾಚಕರಲ್ಲಿ ಗೃಹಸ್ಥರಾದವರು ಬಲ್ಲರು. ಅಳಿಯಂದಿರಿಗೆ ನಮ್ಮ ಮೇಲೆ ಕನಿಕರ ಹುಟ್ಟಿರಬೇಕು. "ಮಾವ, ಕಿಟಕಿಯಲ್ಲಿ ಹಿಮ ಬೀಳುವುದನ್ನು ಎಷ್ಟು ದಿನ ನೋಡುತ್ತೀರಿ? ಶನಿವಾರ ಹಾಕಿ ಪಂದ್ಯವಿದೆ, ಬನ್ನಿ," ಎಂದು ಕರೆದುಕೊಂಡು ಹೋದರು. ಹಾಕಿಯೆಂದರೆ ನಮ್ಮವರಿಗೆ ಧ್ಯಾನ್ ಚಂದರ ನೆನಪು, ಇಲ್ಲವೆ ೧೯೯೭ರಿಂದ ಮನೆತನಗಳೇ ತಂಡ ಕಟ್ಟಿ ಆಡುವ ಕೊಡಗಿನ ಉತ್ಸವದ ನೆನಪು. ಅದು ಹುಲ್ಲಿನ ಮೇಲಿನ ಆಟ. ಇಲ್ಲಿಯದು ಮಂಜುಗಡ್ಡೆಯ ಮೇಲಿನ ಆಟ.

ಆಟ ನಡೆಯುವ ಮಂದಿರಕ್ಕೆ ಜೈಂಟ್ ಸೆಂಟರ್ ಎಂದು ಹೆಸರು. ದಿನಸಿ ಅಂಗಡಿಗಳ ಒಂದು ದೊಡ್ಡ ಸಂಸ್ಥೆ ಹಣ ತೆತ್ತು ಇಡಿಸಿದ ಹೆಸರು ಅದು. ೨೦೦೨ರ ಅಕ್ಟೋಬರಿನಲ್ಲಿ ಇದರ ಬಾಗಿಲು ತೆರೆಯಿತು. ಹಾಕಿಗೆ ಸುಮಾರು ೧೦,೫೦೦ ಆಸನಗಳು; ಸಂಗೀತವಿದ್ದಾಗ ನೆಲದ ಮೇಲೂ ಕುರ್ಚಿ ಹಾಕುವುದರಿಂದ ಇನ್ನೂ ಹೆಚ್ಚು. ಊರಿನ ಜನಸಂಖ್ಯೆಯೋ ೨೦೨೦ರ ಗಣತಿಯಂತೆ ೧೪,೦೦೦ಕ್ಕೆ ಒಳಗೇ. ಊರಿನ ನಾಲ್ವರಲ್ಲಿ ಮೂವರು ಒಂದೇ ಸೂರಿನಡಿ ಕುಳಿತುಕೊಳ್ಳಬಹುದಾದ ಊರು ನಮ್ಮ ದೇಶದಲ್ಲಿ ಎಲ್ಲಿಯಾದರೂ ಇದೆಯೆ? ಸುತ್ತಲ ಊರುಗಳಿಂದ ಜನ ಬಾರದಿದ್ದರೆ ಇಂಥ ಮಂದಿರ ತುಂಬುವಂತಿಲ್ಲ. ಅವರು ಬರುತ್ತಾರೆ, ತುಂಬುತ್ತದೆ.

ಆಂಗ್ಲರು ಇಂಥ ಕಟ್ಟಡವನ್ನು 'ಅರೀನಾ' ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಮರಳು ಎಂದರ್ಥ. ರೋಮಿನವರು ಕಾದಾಟದ ಅಂಗಳದಲ್ಲಿ ಮರಳು ಹರಡುತ್ತಿದ್ದುದರಿಂದ ಅಂಗಳಕ್ಕೇ ಮರಳಿನ ಹೆಸರು ಬಂದಿತು. ನಮ್ಮ 'ರಂಗ'ವೆಂಬ ಶಬ್ದ ಇದಕ್ಕಿಂತ ಒಗ್ಗುತ್ತದೆಯೆಂದು ನಮ್ಮ ಅಭಿಪ್ರಾಯ. ನಟರು ಕುಣಿಯುವುದೂ ರಂಗ, ಮಲ್ಲರು ಸೆಣಸುವುದೂ ರಂಗ. ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ಶಿಷ್ಯರ ವಿದ್ಯೆಯನ್ನು ಊರಿಗೆ ತೋರಿಸಲು ನೆಲವನ್ನು ಅಳೆಯಿಸಿ ಪ್ರೇಕ್ಷಾಗಾರವನ್ನು ಕಟ್ಟಿಸಿದರಷ್ಟೆ. ಹೀಗೆ ಆಟಕ್ಕೂ ಗಾನಕ್ಕೂ ಒಂದೇ ಮನೆಯೆಂಬುದು ನಮಗೆ ಹೊಸ ಮಾತಲ್ಲ.

ಒಳಗೆ ಹೋದೊಡನೆ ಮುಖಕ್ಕೆ ತಂಪು ಬಡಿಯಿತು. ಅಂಕಣ ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲ. ಸುತ್ತಲೂ ಎದೆಯೆತ್ತರದ ಹಲಗೆ, ಅದರ ಮೇಲೆ ಗಾಜಿನ ಗೋಡೆ. ಮಂಜುಗಡ್ಡೆಯೆಂದರೆ ಬಹಳ ದಪ್ಪವೆಂದು ವಾಚಕರು ಎಣಿಸಬಾರದು. ಇಂಥ ಅಂಕಣಗಳಲ್ಲಿ ಅದು ಅಂಗುಲ, ಒಂದೂವರೆ ಅಂಗುಲದಷ್ಟೇ. ಕಾಂಕ್ರೀಟಿನ ನೆಲದೊಳಗೆ ಕೊಳವೆಗಳನ್ನು ಹಾಸಿ, ಸುಲಭವಾಗಿ ಹೆಪ್ಪುಗಟ್ಟದ ಉಪ್ಪುನೀರನ್ನೋ ಅಂಥದೇ ಬೇರೊಂದು ದ್ರವವನ್ನೋ ಬಹಳ ತಣ್ಣಗೆ ಮಾಡಿ ಅವುಗಳಲ್ಲಿ ಹರಿಸುತ್ತಾರೆ. ಮೇಲೆ ನೀರನ್ನು ತೆಳುವಾಗಿ ಸಿಂಪಡಿಸಿದರೆ ಗಟ್ಟಿಯಾಗುತ್ತದೆ. ಅದರ ಮೇಲೆ ಬಿಳಿಯ ಬಣ್ಣ, ಕೆಂಪು ನೀಲಿ ಗೆರೆಗಳು. ಮತ್ತೆ ನೀರು, ಮತ್ತೆ ನೀರು. ನಮ್ಮ ಹೆಂಗಸರು ನೀರುದೋಸೆ ಎರೆಯುವುದಕ್ಕಿಂತ ಹೆಚ್ಚಿನ ತಾಳ್ಮೆ ಈ ಕೆಲಸಕ್ಕೆ ಬೇಕು.

ಆಟದ ವೇಗವನ್ನು ಹೇಳುವುದು ಕಷ್ಟ. ಒಂದೊಂದು ಕಡೆಗೆ ಐವರು ಆಟಗಾರರು ಮತ್ತು ಗೋಲು ಕಾಯುವವನೊಬ್ಬ. ಪಾದರಕ್ಷೆಗಳಿಗೆ ಉಕ್ಕಿನ ಅಲಗು. ಚೆಂಡಿನ ಬದಲು, ಮೂರಂಗುಲ ಅಗಲದ, ಒಂದಂಗುಲ ದಪ್ಪದ ರಬ್ಬರಿನ ಕರಿಯ ಬಿಲ್ಲೆ. ಅದು ಪುಟಿಯದಿರಲೆಂದು ಮೊದಲೇ ಹಿಮದಲ್ಲಿಟ್ಟು ತಣಿಸಿರುತ್ತಾರೆ. ಮೊದಲ ಹತ್ತು ನಿಮಿಷ ನಮಗೆ ಬಿಲ್ಲೆಯೇ ಕಾಣಲಿಲ್ಲ. ಆಮೇಲೆ ಆಟಗಾರರ ಹೆಗಲು ಯಾವ ಕಡೆ ತಿರುಗುತ್ತದೆಂದು ನೋಡುತ್ತಿದ್ದರೆ ಬಿಲ್ಲೆ ತಾನಾಗಿ ಕಾಣತೊಡಗಿತು. ನಡುವೆ ಇಬ್ಬರು ಕೈಚೀಲ ಕಿತ್ತೆಸೆದು ಗುದ್ದಾಡಿದರು. ತೀರ್ಪುಗಾರರು ಅವರು ಬೀಳುವವರೆಗೂ ನೋಡುತ್ತ ನಿಂತಿದ್ದು, ಆಮೇಲೆ ಇಬ್ಬರನ್ನೂ ಗಾಜಿನ ಗೂಡುಗಳಲ್ಲಿ ಐದು ನಿಮಿಷ ಕೂರಿಸಿದರು. ನಾವೂ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರೇ. ಆದರೆ ಜಗಳ ಮುಗಿಯಲೆಂದು ಕಾದು ನಿಂತವರಲ್ಲ.

ಇಪ್ಪತ್ತು ನಿಮಿಷದ ಮೂರು ಭಾಗಗಳಾಗಿ ಆಟ ನಡೆಯುತ್ತದೆ. ಭಾಗ ಮುಗಿದಾಗಲೆಲ್ಲ ಆನೆಯಂತೆ ನಿಧಾನವಾದ ಒಂದು ಯಂತ್ರ ಬರುತ್ತದೆ. ಕ್ಯಾಲಿಫೋರ್ನಿಯದ ಫ್ರಾಂಕ್ ಝಾಂಬೋನಿ ಎಂಬವನು ೧೯೪೯ರಲ್ಲಿ ಇದನ್ನು ನಿರ್ಮಿಸಿದನಾದ್ದರಿಂದ ಯಂತ್ರಕ್ಕೂ ಅವನ ಹೆಸರೇ. ಅಲಗುಗಳಿಂದ ಗೀರಿಹೋದ ಮೇಲ್ಪದರವನ್ನು ಅದು ಹೆರೆದು ಒಳಗೆಳೆದುಕೊಂಡು, ಹಿಂದೆ ಬಿಸಿನೀರನ್ನು ತೆಳುವಾಗಿ ಬಿಡುತ್ತ ಸಾಗುತ್ತದೆ. ಬಿಸಿನೀರು ಗೀರುಗಳ ಅಂಚನ್ನು ಕರಗಿಸಿ ಒಂದಾಗಿ ಬೆಸೆಯುವುದರಿಂದ ನೆಲ ಕನ್ನಡಿಯಂತಾಗುತ್ತದೆ.

ಊರಿನ ತಂಡಕ್ಕೆ ಬೇರ್ಸ್, ಎಂದರೆ ಕರಡಿಗಳು, ಎಂದು ಹೆಸರು. ಮೊದಲು 'ಬಾರ್ಸ್' ಎಂದಿದ್ದಿತಂತೆ. ಚಾಕೊಲೇಟಿನ ಪಟ್ಟಿಗೆ ಅವರು ಬಾರ್ ಎನ್ನುವುದರಿಂದ ಇದು ಬರಿಯ ಜಾಹೀರಾತೆಂದು ಆಕ್ಷೇಪಣೆ ಬಂದು, ೧೯೩೬ರಲ್ಲಿ ಒಂದು ಸ್ವರವನ್ನು ತಿದ್ದಿ ಕರಡಿಯನ್ನು ಮಾಡಿದರು. ೧೯೩೮ರಿಂದ ಈ ತಂಡ ಅಮೆರಿಕನ್ ಹಾಕಿ ಲೀಗಿನಲ್ಲಿದ್ದು, ೨೦೨೩ ಮತ್ತು ೨೦೨೪ರಲ್ಲಿ ಗೆದ್ದುವೂ ಸೇರಿ ಹದಿಮೂರು ಸಲ ಅದರ ಕಾಲ್ಡರ್ ಬಟ್ಟಲನ್ನು ಗೆದ್ದಿತು. ವರ್ಷಕ್ಕೊಮ್ಮೆ ಒಂದು ಪಂದ್ಯದಲ್ಲಿ, ತಮ್ಮವರು ಮೊದಲ ಗೋಲು ಹೊಡೆದೊಡನೆ, ಪ್ರೇಕ್ಷಕರು ತಂದಿದ್ದ ಬಟ್ಟೆಯ ಕರಡಿ ಬೊಂಬೆಗಳನ್ನು ಅಂಕಣಕ್ಕೆ ಎಸೆಯುವುದು ಇಲ್ಲಿಯ ಪದ್ಧತಿ. ೨೦೨೫ರ ಜನವರಿಯಲ್ಲಿ ಎಣಿಸಿದಾಗ ೧,೦೨,೩೪೩ ಬೊಂಬೆಗಳಿದ್ದುವು. ಅವೆಲ್ಲ ಸುತ್ತಲಿನ ಧರ್ಮಸಂಸ್ಥೆಗಳ ಮೂಲಕ ಮಕ್ಕಳ ಕೈಸೇರುತ್ತವೆ.

ಲೀಗೆಂದೆವಷ್ಟೆ, ಇದು ಕಿರಿಯ ಲೀಗು. ಇದರ ಮೇಲೆ ನ್ಯಾಷನಲ್ ಹಾಕಿ ಲೀಗೆಂಬ ಹಿರಿಯದು ಇದೆ. ೨೦೦೫ರಿಂದ ಹರ್ಷಿಯ ತಂಡ ವಾಷಿಂಗ್ಟನ್ ನಗರದ ಹಿರಿಯ ತಂಡದೊಡನೆ ಸೇರಿಕೊಂಡಿದೆ. ಇಲ್ಲಿ ಚೆನ್ನಾಗಿ ಆಡಿದ ಹುಡುಗನಿಗೆ ಅಲ್ಲಿಂದ ಕರೆ ಬರುತ್ತದೆ. ಆ ರಾತ್ರಿಯೇ ಅವನು ಗಂಟು ಕಟ್ಟಿಕೊಂಡು ಹೊರಡಬೇಕು. ಅಲ್ಲಿ ಸಲ್ಲದವನು ಇಲ್ಲಿಗೆ ಹಿಂದಿರುಗುತ್ತಾನೆ. ನಮ್ಮ ಪಕ್ಕದ ಆಸನದಲ್ಲಿ ಎಂಬತ್ತರ ಅಂಚಿನ ಒಬ್ಬ ವೃದ್ಧರಿದ್ದರು. ನಮ್ಮ ಕುತೂಹಲವನ್ನು ಕಂಡು, "ನಮಗೆ ಇಷ್ಟವಾದ ಆಟಗಾರ ನಮ್ಮಲ್ಲಿ ಉಳಿದುಕೊಂಡರೆ ಅದು ಅವನಿಗೆ ದುರದೃಷ್ಟ. ಹಾಗೆಂದು ತಿಳಿದೇ ನಾವು ಇಷ್ಟಪಡುತ್ತೇವೆ," ಎಂದರು. ಮೂವತ್ತು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಪಾಠ ಹೇಳಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರೂ ಹೊರಟೇ ಹೋಗುತ್ತಾರೆಂದಲ್ಲ. ಫ್ರಾಂಕ್ ಮ್ಯಾಥರ್ಸ್ ಎಂಬವರ ಕಥೆಯನ್ನು ಅವರೇ ಹೇಳಿದರು. ಹಿರಿಯ ಲೀಗಿನಲ್ಲಿ ಅವರು ಆಡಿದ್ದು ಒಟ್ಟು ಇಪ್ಪತ್ತಮೂರೇ ಪಂದ್ಯ. ೧೯೫೬ರಲ್ಲಿ ಆಟಗಾರರೂ ಶಿಕ್ಷಕರೂ ಆಗಿ ಹರ್ಷಿಗೆ ಬಂದವರು, ಆಟ ಬಿಟ್ಟಮೇಲೂ ತಂಡವನ್ನು ಬಿಡದೆ, ಶಿಕ್ಷಕರಾಗಿ, ವ್ಯವಸ್ಥಾಪಕರಾಗಿ ೧೯೯೧ರವರೆಗೂ ಇಲ್ಲಿಯೇ ಇದ್ದರು. ಮರುವರ್ಷ ಹಾಕಿಯ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು.

ಮಾತು ಬೆಳೆಯಿತು. ನಾವು ಉಪಾಧ್ಯಾಯರಾಗಿದ್ದೆವೆಂದು ತಿಳಿದಮೇಲೆ ವೃದ್ಧರು ನಮ್ಮ ಕಡೆಗೆ ಪೂರ್ತಿ ತಿರುಗಿ ಕುಳಿತು, "ಹಾಗಾದರೆ ನೀವು ಇದನ್ನು ತಿಳಿದುಕೊಂಡು ಹೋಗಬೇಕು. ಈ ಕಟ್ಟಡ ಯಾರದೆಂದು ಬಲ್ಲಿರಾ?" ಎಂದು ಕೇಳಿದರು. ಯಾವುದೋ ಕಂಪನಿಯದಿರಬೇಕೆಂದೆವು. "ಕಂಪನಿಯದೇ. ಆ ಕಂಪನಿ ಯಾರದು? ನಮ್ಮ ಶಾಲೆಯದು. ನಾನು ಆ ಶಾಲೆಯ ಹುಡುಗ," ಎಂದರು. ಎಂಬತ್ತರ ಮುದುಕರು 'ಹುಡುಗ' ಎಂದ ರೀತಿ ನಮಗೆ ಬಹಳ ಹಿಡಿಸಿತು.

ಮಿಲ್ಟನ್ ಹರ್ಷಿ ೧೮೫೭ರಲ್ಲಿ ಹುಟ್ಟಿದವನು. ಹೆಚ್ಚು ಓದಿದವನಲ್ಲ; ಮಿಠಾಯಿಯ ವ್ಯಾಪಾರದಲ್ಲಿ ಮತ್ತೆ ಮತ್ತೆ ಕೈಸುಟ್ಟುಕೊಂಡು, ಕಡೆಗೆ ಕ್ಯಾರಮೆಲ್ ಮಿಠಾಯಿಯಲ್ಲಿ ನೆಲೆಗೊಂಡು, ೧೯೦೦ರಲ್ಲಿ ಆ ಕಾರ್ಖಾನೆಯನ್ನು ಹತ್ತು ಲಕ್ಷ ಡಾಲರಿಗೆ ಮಾರಿ, ತಾನು ಹುಟ್ಟಿದ ಸೀಮೆಯ ಹೈನಿನ ಹಳ್ಳಿಗಳ ನಡುವೆ ಚಾಕೊಲೇಟಿನ ಕಾರ್ಖಾನೆಯನ್ನೂ ಅದರ ಸುತ್ತ ಊರನ್ನೂ ಕಟ್ಟಿದನು. ಅವನಿಗೂ ಅವನ ಹೆಂಡತಿ ಕ್ಯಾಥರೀನಳಿಗೂ ಮಕ್ಕಳಾಗಲಿಲ್ಲ. ೧೯೦೯ರಲ್ಲಿ ದಂಪತಿಗಳು ಅನಾಥ ಬಾಲಕರಿಗಾಗಿ ಒಂದು ಶಾಲೆಯನ್ನು ತೆರೆದರು. ೧೯೧೫ರಲ್ಲಿ ಆಕೆ ತೀರಿಕೊಂಡಳು. ಮೂರು ವರ್ಷದಮೇಲೆ ಅವನು ತನ್ನ ಆಸ್ತಿಯ ಬಹುಭಾಗವನ್ನು, ಆಗಿನ ಬೆಲೆಯಲ್ಲಿ ಸುಮಾರು ಆರು ಕೋಟಿ ಡಾಲರ್ ಬಾಳುವುದನ್ನು, ಯಾರಿಗೂ ಹೇಳದೆ ಆ ಶಾಲೆಯ ಹೆಸರಿಗೆ ದತ್ತಿಯಾಗಿ ಬರೆದುಕೊಟ್ಟನು. ಚಾಕೊಲೇಟಿನ ಕಂಪನಿಯಲ್ಲಿ ಮೇಲುಗೈಯಾದ ಪಾಲು ಇಂದಿಗೂ ಆ ದತ್ತಿಯದು. ಅರೀನಾ, ಹಾಕಿ ತಂಡ, ಪಕ್ಕದ ವಿನೋದವನ, ಛತ್ರದಂಥ ದೊಡ್ಡ ಹೋಟೆಲು ಇವನ್ನು ನಡೆಸುವ ಕಂಪನಿಯೂ ದತ್ತಿಗೆ ಸೇರಿದ್ದು. ನಾವು ಟಿಕೆಟಿಗೆ ಕೊಟ್ಟ ಹಣದಲ್ಲಿ ಖರ್ಚು ಕಳೆದು ಉಳಿದುದರ ಮೇಲೆ ಹಕ್ಕು ಆ ಶಾಲೆಯ ಮಕ್ಕಳದೆಂದಾಯಿತು. ಇಂದು ಅಲ್ಲಿ ಎರಡು ಸಾವಿರಕ್ಕೆ ಮೇಲ್ಪಟ್ಟು ಮಕ್ಕಳು, ಬಡವರ ಮಕ್ಕಳು, ಊಟ ವಸತಿ ವಿದ್ಯೆಗೆ ಕಾಸು ಕೊಡದೆ ಇದ್ದಾರೆ.

ನಮ್ಮ ವೃದ್ಧರು ಎಂಟು ವರ್ಷದವರಾಗಿದ್ದಾಗ ತಂದೆಯನ್ನು ಕಳೆದುಕೊಂಡು ಅಲ್ಲಿಗೆ ಬಂದವರು. ಆಗ ಹುಡುಗರನ್ನು ತೋಟದ ಮನೆಗಳಲ್ಲಿ ಇರಿಸುತ್ತಿದ್ದರು. ಬೆಳಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆಯಾದಮೇಲೆ, ಹಸು ಕರೆಯಬೇಕು. ಇದನ್ನು ಅವರು ದೂರಿನಂತೆಯೂ ಹೇಳಲಿಲ್ಲ, ಹೊಗಳಿಕೆಯಂತೆಯೂ ಹೇಳಲಿಲ್ಲ. ದತ್ತಿಯ ಮೊದಲ ಪತ್ರದಲ್ಲಿ ಬಿಳಿಯರ ಗಂಡುಮಕ್ಕಳಿಗೆ ಮಾತ್ರ ಎಂದು ಬರೆದಿದ್ದಿತೆಂಬುದನ್ನೂ ಮರೆಮಾಡಲಿಲ್ಲ. ೧೯೭೦ರ ದಶಕ ಮುಗಿಯುವ ಹೊತ್ತಿಗೆ ವರ್ಣದ ಕಟ್ಟೂ ಹೆಣ್ಣುಮಕ್ಕಳಿಗಿದ್ದ ತಡೆಯೂ ತೊಲಗಿದ್ದುವು.

ಇಲ್ಲಿ ನಮ್ಮ ಅನುಭವದ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. ನಾವು ಕೆಲಸಮಾಡಿದ ಊರುಗಳಲ್ಲೊಂದರಲ್ಲಿ, ಊರಿನ ಹೆಸರು ಬೇಡ, ಅಡಕೆಯ ವ್ಯಾಪಾರಿಯೊಬ್ಬರು ತೀರಿಹೋದ ಮಗನ ನೆನಪಿಗೆಂದು ಶಾಲೆಗೆ ಆಟದ ಬಯಲನ್ನು ಕೊಟ್ಟಿದ್ದರು. ಬಯಲು ಪೇಟೆಯ ಬೀದಿಗೆ ಹೊಂದಿಕೊಂಡಿದ್ದುದೇ ಅದಕ್ಕೆ ಕೇಡಾಯಿತು. ಅವರು ಹೋದಮೇಲೆ ಬಂದ ಸಮಿತಿಯವರು, ಬಾಡಿಗೆ ಶಾಲೆಗೇ ಬರುತ್ತದೆಂದು ಹೇಳಿ, ಬೀದಿಯ ಬದಿಗೆ ಅಂಗಡಿ ಕಟ್ಟಿಸಿದರು. ಎರಡು ವರ್ಷ ಬಾಡಿಗೆಯ ಹಣದಿಂದ ಪುಸ್ತಕಗಳೂ ನಕ್ಷೆಗಳೂ ಬಂದುವು. ಮೂರನೆಯ ವರ್ಷ ಸಭೆಯಲ್ಲಿ ಲೆಕ್ಕ ಓದುವುದು ನಿಂತಿತು. ನಾವು ಎದ್ದು ಕೇಳಿದೆವು. "ಮೇಷ್ಟ್ರೇ, ನೀವು ಪಾಠ ನೋಡಿಕೊಳ್ಳಿ," ಎಂದು ಉತ್ತರ ಬಂದಿತು. ಅಂಗಡಿಯ ಸಾಲು ಎರಡಾಯಿತು, ಮೂರಾಯಿತು. ಹುಡುಗರು ಬೀದಿಯಲ್ಲಿ ಆಡಿದರು. ಆದುದರಿಂದ ವೃದ್ಧರು ದತ್ತಿಯ ಕಥೆಯನ್ನು ಹೇಳುತ್ತಿದ್ದಾಗ ನಾವು ಆಟವನ್ನು ಮರೆತು, ಲೆಕ್ಕವನ್ನು ಯಾರು ನೋಡುತ್ತಾರೆಂದು ಕೇಳಿದೆವು.

ಅವರು ನಕ್ಕು, ೨೦೦೨ರ ವೃತ್ತಾಂತವನ್ನು ಹೇಳಿದರು. ಆ ಬೇಸಗೆಯಲ್ಲಿ, ಈ ಅರೀನಾ ಇನ್ನೂ ಕಟ್ಟುತ್ತಿದ್ದಾಗಲೇ, ದತ್ತಿಯ ಧರ್ಮದರ್ಶಿಗಳು ಚಾಕೊಲೇಟಿನ ಕಂಪನಿಯನ್ನು ಮಾರುವುದಾಗಿ ಪ್ರಕಟಿಸಿದರು. ಶಾಲೆಯ ಆಸ್ತಿಯ ಬಹುಭಾಗ ಒಂದೇ ಉದ್ಯಮದಲ್ಲಿರುವುದು ಅಪಾಯವೆಂದು ಅವರ ವಾದ. ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ. ಆದರೆ ಕೊಂಡವರು ಕಾರ್ಖಾನೆಯನ್ನು ಮುಚ್ಚಿದರೆ ಊರು ಉಳಿಯುವುದೆ? ಕಾರ್ಮಿಕರೂ ಅಂಗಡಿಯವರೂ ಶಾಲೆಯ ಹಳೆಯ ವಿದ್ಯಾರ್ಥಿಗಳೂ ಬೀದಿಗಿಳಿದರು. ಸಂಸ್ಥಾನದ ಅಟಾರ್ನಿ ಜನರಲ್ ನ್ಯಾಯಾಲಯಕ್ಕೆ ಹೋದರು. ದತ್ತಿಗಳ ವಿಷಯವನ್ನು ವಿಚಾರಿಸುವ ಅಲ್ಲಿಯ ನ್ಯಾಯಸ್ಥಾನಕ್ಕೆ 'ಅನಾಥರ ನ್ಯಾಯಾಲಯ'ವೆಂದೇ ಹೆಸರು! ಅದು ಮಾರಾಟವನ್ನು ತಡೆಯಿತು. ರಿಗ್ಲಿ ಎಂಬ ಕಂಪನಿ ಸುಮಾರು ೧,೨೫೦ ಕೋಟಿ ಡಾಲರ್ ಕೊಡುವುದಾಗಿ ಬಂದಿದ್ದರೂ ಸೆಪ್ಟೆಂಬರಿನಲ್ಲಿ ಧರ್ಮದರ್ಶಿಗಳು ಮಾರಾಟವನ್ನು ಕೈಬಿಟ್ಟರು. ಮುಂದಿನ ತಿಂಗಳೇ ಅರೀನಾ ತೆರೆಯಿತು. ಅದರಿಂದಾಚೆಗೂ ಧರ್ಮದರ್ಶಿಗಳ ಸಂಭಾವನೆ, ಭೂಮಿಯ ಖರೀದಿ ಇವುಗಳ ಮೇಲೆ ಪ್ರಶ್ನೆಗಳೆದ್ದು, ೨೦೧೩ರಲ್ಲಿಯೂ ೨೦೧೬ರಲ್ಲಿಯೂ ಅಟಾರ್ನಿ ಜನರಲ್ ಅವರೊಡನೆ ಒಪ್ಪಂದಗಳಾದುವು. "ಲೆಕ್ಕ ನೋಡುವವರು ನಾವೇ. ಇಲ್ಲಿ ಕುಳಿತಿರುವುದೂ ಒಂದು ರೀತಿಯಲ್ಲಿ ಅದಕ್ಕೇ," ಎಂದರು ವೃದ್ಧರು. ಅಷ್ಟರಲ್ಲಿ ಕರಡಿಗಳು ಗೋಲು ಹೊಡೆದುವು. ಅವರು ಎದ್ದು ನಿಂತು ಕೂಗಿದ ಕೂಗಿಗೆ ನಮ್ಮ ಮಾತು ಅಲ್ಲಿಗೆ ನಿಂತಿತು.

ಅದೇ ಮಂದಿರಕ್ಕೆ ಮುಂದಿನ ವಾರ ಸಂಗೀತಕ್ಕೆಂದು ಮತ್ತೊಮ್ಮೆ ಹೋದೆವು. ಮಂಜುಗಡ್ಡೆಯನ್ನು ಕರಗಿಸಿರಬೇಕೆಂದು ನೋಡಿದರೆ, ಅದು ಇದ್ದ ಹಾಗೆಯೇ ಇದ್ದಿತು. ಚಳಿಯನ್ನು ತಡೆಯುವ ಹಲಗೆಗಳನ್ನು ಅದರ ಮೇಲೆ ಒತ್ತಾಗಿ ಜೋಡಿಸಿ, ಗಾಜಿನ ಗೋಡೆ ಬಿಚ್ಚಿ, ಒಂದು ತುದಿಯಲ್ಲಿ ವೇದಿಕೆ ಕಟ್ಟಿ, ಕುರ್ಚಿ ಹಾಕಿದ್ದರು. ಕೂಲಿಯವರು ರಾತ್ರಿಯೆಲ್ಲ ದುಡಿದು ಹೀಗೆ ಮಾರ್ಪಡಿಸುತ್ತಾರೆ. ಮರುದಿನ ಆಟವಿದ್ದರೆ ಮತ್ತೆ ಎಲ್ಲವನ್ನೂ ತೆಗೆಯುತ್ತಾರೆ. ಹಾಡುಗಾರ ಹಳ್ಳಿಗಾಡಿನ ಧಾಟಿಯಲ್ಲಿ ಹಾಡುವವನು. ಜೊತೆಗೆ ಪಿಟೀಲೂ ಇದ್ದಿತು. ಪಿಟೀಲು ನಮಗೆ ಹಿತವಾಯಿತು; ಮಿಕ್ಕ ವಾದ್ಯಗಳ ಅಬ್ಬರ ನಮ್ಮ ವಯಸ್ಸಿಗೆ ತಕ್ಕುದಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೋಟೆ ಪ್ರೌಢಶಾಲೆಯ ಬಯಲಿನಲ್ಲಿ ಚಪ್ಪರ ಹಾಕಿ ರಾಮನವಮಿಯ ಸಂಗೀತೋತ್ಸವವನ್ನು ನಡೆಸುತ್ತ ಬಂದಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅಲ್ಲಿ ಶಾಲೆಯ ಬಯಲಿನಲ್ಲಿ ಸಂಗೀತ. ಇಲ್ಲಿ ಸಂಗೀತದ ಮನೆಯೇ ಶಾಲೆಯ ಆಸ್ತಿ.

ಊರು ಬಿಡುವ ಮುಂಚೆ ಹಳೆಯ ಅರೀನಾವನ್ನು ನೋಡಬೇಕೆಂದು ವೃದ್ಧರು ಹೇಳಿದ್ದರು. ಅದು ಹೊಸದಕ್ಕೆ ಹತ್ತಿರದಲ್ಲೇ, ವಿನೋದವನದ ಪಕ್ಕದಲ್ಲಿದೆ. ೧೯೩೦ರ ಸುಮಾರಿನಲ್ಲಿ ದೇಶಕ್ಕೆಲ್ಲ ದಾರಿದ್ರ್ಯ ಬಡಿದು ಜನ ಕೆಲಸವಿಲ್ಲದೆ ಅಲೆಯುತ್ತಿದ್ದಾಗ, ಮಿಲ್ಟನ್ ಹರ್ಷಿ ಊರಿನವರಿಗೆ ದುಡಿಮೆ ಒದಗಲೆಂದು ಒಂದಾದಮೇಲೊಂದು ಕಟ್ಟಡಗಳನ್ನು ಎಬ್ಬಿಸಿದನು; ಸಾಮಾನಿನ ಬೆಲೆ ಇಳಿದಿದ್ದಾಗ ಕಟ್ಟಿದ್ದು ಲಾಭವೂ ಆಯಿತೆನ್ನುವವರಿದ್ದಾರೆ, ಅದೂ ನಿಜವೇ. ಹೋಟೆಲು ೧೯೩೩ರಲ್ಲಿ, ಅರೀನಾ ೧೯೩೬ರ ಡಿಸೆಂಬರಿನಲ್ಲಿ ಮುಗಿದುವು. ಅರೀನಾದ ಚಾವಣಿಯನ್ನು ರೂಪಿಸಿದವನು ಜರ್ಮನಿಯಿಂದ ಬಂದ ಆಂಟನ್ ಟೆಡೆಸ್ಕೊ ಎಂಬ ಎಂಜಿನಿಯರು. ಏಳು ಸಾವಿರ ಜನ ಕೂರುವ ಅಂಗಳದ ನಡುವೆ ಒಂದು ಕಂಬವೂ ಇಲ್ಲ. ಮೊಟ್ಟೆಯ ಚಿಪ್ಪಿನಂತೆ ಬಾಗಿದ, ಸುಮಾರು ಮೂರೂವರೆ ಅಂಗುಲ ದಪ್ಪದ ಕಾಂಕ್ರೀಟು, ಆಚೀಚೆಗೆ ಕಮಾನುಗಳ ಆಸರೆಯಲ್ಲಿ ನಿಂತಿದೆ. ಆ ದೇಶದಲ್ಲಿ ಅಷ್ಟು ದೊಡ್ಡದಾಗಿ ಈ ಬಗೆಯ ಚಾವಣಿ ಹಾಕಿದುದು ಅದೇ ಮೊದಲ ಕಾಲದಲ್ಲಿ.

೧೯೬೨ರ ಮಾರ್ಚಿ ೨ರ ರಾತ್ರಿ ವಿಲ್ಟ್ ಚೇಂಬರ್ಲಿನ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನು ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದುದು ಈ ಸೂರಿನಡಿಯಲ್ಲೇ. ಅರುವತ್ತು ವರ್ಷ ಕಳೆದರೂ ಆ ಸಂಖ್ಯೆಯನ್ನು ಮತ್ತೊಬ್ಬನು ಮುಟ್ಟಲಿಲ್ಲ. ಅಂದು ಇದ್ದ ಪ್ರೇಕ್ಷಕರು ೪,೧೨೪ ಮಂದಿ, ಚಲಚ್ಚಿತ್ರ ತೆಗೆದವರಿಲ್ಲ. "ನಾನು ಅಲ್ಲಿದ್ದೆನೆಂದು ಹೇಳುವವರನ್ನೆಲ್ಲ ಸೇರಿಸಿದರೆ ಹೊಸ ಅರೀನಾವೂ ಸಾಲದು. ನಾನಂತೂ ಇರಲಿಲ್ಲ, ಅಂದು ನನಗೆ ಹಸು ಕರೆಯುವ ಸರದಿ," ಎಂದು ವೃದ್ಧರು ಹೇಳಿದ್ದರು.

ನಾವು ಹೋದಾಗ ಬೆಳಗಿನ ಹತ್ತು ಗಂಟೆ. ಮರದ ಆಸನಗಳೆಲ್ಲ ಬರಿದಾಗಿದ್ದುವು. ಅಂಕಣದಲ್ಲಿ ಮಾತ್ರ ಇಪ್ಪತ್ತು ಮೂವತ್ತು ಮಕ್ಕಳು, ನಮ್ಮ ಕೂಸುಗಳು ಮೂರುಗಾಲಿಯ ತಳ್ಳುಗಾಡಿಯನ್ನು ಹಿಡಿದು ನಡೆ ಕಲಿಯುವಂತೆ, ಎದುರಿಗೆ ಒಂದೊಂದು ಚೌಕಟ್ಟನ್ನು ನೂಕಿಕೊಂಡು ಜಾರುವುದನ್ನು ಕಲಿಯುತ್ತಿದ್ದರು. ಬಿದ್ದವರು ಯಾರೂ ಅಳಲಿಲ್ಲ; ಅಷ್ಟು ದಪ್ಪದ ಉಡುಪಿನಲ್ಲಿ ಪೆಟ್ಟೂ ತಗುಲಿರಲಾರದು. ಹೆಣ್ಣುಮಗುವೊಂದು ಚೌಕಟ್ಟನ್ನು ಬಿಟ್ಟು ನಾಲ್ಕು ಮಾರು ಜಾರಿ, ಬಿದ್ದು, ಕುಳಿತಲ್ಲಿಂದಲೇ ತಾಯಿಯ ಕಡೆಗೆ ಕೈಬೀಸಿತು. ಬಾಗಿಲ ಬಳಿಯಿದ್ದ ಕೆಲಸದವರು ಗಡಿಯಾರ ನೋಡಿ, ಹನ್ನೊಂದಕ್ಕೆ ಅಂಕಣವನ್ನು ತೆರವು ಮಾಡಬೇಕು, ಆಮೇಲೆ ದೊಡ್ಡ ಹುಡುಗರ ಅಭ್ಯಾಸವಿದೆಯೆಂದು ನಮಗೆ ಹೇಳಿ, ಯಂತ್ರವನ್ನು ಹೊರಡಿಸಲು ಒಳಗೆ ಹೋದರು.